ಹೊಸ ಪಾತ್ರದ ಮೇಲೇಕೆ ಈ ಹಗೆ?

ನಾಟಕವನ್ನು ನೋಡಿ ಅದರ ಗುಣದೋಷಗಳನ್ನು ಆಡುವದು ಪ್ರೇಕ್ಷಕನ ಹಕ್ಕು. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಹಕ್ಕು ಇದ್ದಲ್ಲಿ ಹೊಣೆಯೂ ಇರುತ್ತದೆಂಬ ಮಾತನ್ನು ನಮ್ಮ ಸುಶಿಕ್ಷಿತ ಮನೆತನಗಳು ಈಚೆಗೆ ಮರೆಯುತ್ತ ನಡೆದಿವೆ. ದೀಪ ಹಚ್ಚುವ ಹೊತ್ತಾದೊಡನೆ ಟೀವಿಯ ಮುಂದೆ ಕೂಡುವದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ಕಡೆಗೆ ಮನೆಮನೆಯ ನಿತ್ಯಕ್ರಮವಾಗಿದೆ. ಹಾವು ಹೆಣ್ಣಾಗುವ, ಸತ್ತವಳು ಮರಳಿ ಹುಟ್ಟಿ ಬರುವ, ದೆವ್ವವು ಸೇಡು ತೀರಿಸಿಕೊಳ್ಳುವ ಧಾರಾವಾಹಿಗಳೆಂದರೆ ಹುಡುಗರಿಗೂ ಹರೆಯದವರಿಗೂ ಎಲ್ಲಿಲ್ಲದ ಹಿಗ್ಗು. ಹಿರಿಯರಿಗೂ ಅವು ಬೇಡವಾಗಿಲ್ಲ. ಇದರ ಬಗೆಗೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆಯದು. ಇಂಥ ಕಥೆಯೊಳಗೆ ಹೊಸ ಪಾತ್ರವೊಂದು ಹೊಸ್ತಿಲು ದಾಟಿತೆಂದರೆ ಸಾಕು, ಅದು ನಾಲ್ಕು ಮಾತಾಡುವ ಮೊದಲೇ ನಮ್ಮವರು ಅದರ ಮೇಲೆ ಹರಿಹಾಯುತ್ತಾರೆ. ಪಾತ್ರವನ್ನಷ್ಟೇ ಅಲ್ಲ, ಅದನ್ನು ಧರಿಸಿದ ನಟಿಯನ್ನು, ಅವಳ ರೂಪವನ್ನು, ಅವಳ ನಡತೆಯನ್ನು, ಕೊನೆಗೆ ಅವಳನ್ನು ಹೆತ್ತವರನ್ನು ಕೂಡ ಬೈಯುತ್ತಾರೆ. ಕೈಯೊಳಗಿನ ಮೊಬಾಯಿಲಿನಲ್ಲಿ ಅದೇ ಬೈಗಳನ್ನು ಬರೆದು ಆ ನಟಿಯ ಕಣ್ಣಿಗೇ ಬೀಳುವಂತೆ ಕಳಿಸುತ್ತಾರೆ. ಇದಕ್ಕೆ ಅವರು ಇಟ್ಟುಕೊಂಡ ಹೆಸರು 'ಅಭಿಮಾನ'. ಇದು ಅಭಿಮಾನವಲ್ಲ, ಹೊಸಬರ ಮೇಲಿನ ಹಗೆತನವೆಂದು ತೋರಿಸುವದೇ ಈ ಲೇಖನದ ಉದ್ದೇಶವು.

ಕೆಲವು ತಿಂಗಳ ಹಿಂದೆ ಇಂಡಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆನು. ಓದುಬರಹ ಬಲ್ಲ ಮನೆತನ. ಹಿರಿಯ ಮಗನ ಲಗ್ನವಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ಟೀವಿಯಲ್ಲಿ ಅಂದೇ ಹೊಸ ಹೆಣ್ಣೊಬ್ಬಳು ಕಥೆಯ ಮನೆಯೊಳಗೆ ಕಾಲಿಟ್ಟಳು. ಮನೆಯ ಹಿರಿಯಾಕೆಯು ಕೂಡಲೆ, "ಇಕಿ ಯಾಕ ಬಂದಳವ್ವಾ! ಚೊಲೊ ಇದ್ದ ಮನಿ ಮುರಿಯಾಕ ಬಂದಾಳ. ಮೊದಲ ಹೊರಗ ಹಾಕ್ರಿ ಇಕಿನ್ನ" ಎಂದರು. ಮಕ್ಕಳೆಲ್ಲರೂ ನಕ್ಕು ಅದಕ್ಕೆ ತಮ್ಮದೊಂದೊಂದು ಮಾತು ಕೂಡಿಸಿದರು. ಚಹದ ತಾಟು ಹಿಡಿದು ಬಾಗಿಲ ಬದಿಗೆ ನಿಂತಿದ್ದ ಹೊಸ ಸೊಸೆ ಮಾತ್ರ ನಗಲಿಲ್ಲ. ತಾಟನ್ನು ಕೆಳಗಿಟ್ಟು ಒಳಗೆ ಹೋದಳು. ಹಿರಿಯಾಕೆಯು ಕೆಟ್ಟವರಲ್ಲ, ಸೊಸೆಯನ್ನು ಅಕ್ಕರೆಯಿಂದಲೇ ನೋಡಿಕೊಳ್ಳುವವರು. ಆದರೆ ಆ ಗಳಿಗೆಯಲ್ಲಿ ಅವರಾಡಿದ ಮಾತು ಪರದೆಯ ಮೇಲಿನ ಹೆಣ್ಣಿಗೆ ಮಾತ್ರ ತಗಲಿತೆಂದು ನಾನು ಹೇಳಲಾರೆನು. ಅಂದಿನಿಂದ ಈ ವಿಚಾರವು ನನ್ನನ್ನು ಬಿಟ್ಟಿಲ್ಲ.

ಮೊದಲು ನಡೆದ ಸಂಗತಿಗಳನ್ನು ನೋಡುವಾ. 2016ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ 'ನಾಗಿಣಿ' ಎಂಬ ಧಾರಾವಾಹಿಯು ಆರಂಭವಾಯಿತು. ಹೆಣ್ಣಿನ ರೂಪ ತಾಳಿದ ಸರ್ಪಕನ್ನಿಕೆಯ ಪಾತ್ರದಲ್ಲಿ ದೀಪಿಕಾ ದಾಸ್ ಅವರು ಜನರ ಮನಸ್ಸಿನಲ್ಲಿ ನೆಲೆಸಿದರು. 2020ರಲ್ಲಿ ಅದರ ಎರಡನೆಯ ಭಾಗವು ಬಂದಾಗ ಹೆಸರು ಅದೇ ಇದ್ದರೂ ಪಾತ್ರಗಳು ಹೊಸವು. ನಾಗಿಣಿಯಾಗಿ ನಮ್ರತಾ ಗೌಡ ಅವರು ಬಂದರು. ನಾನು ಕಂಡ ಮನೆಗಳಲ್ಲಿ ಕಥೆಯೇನೆಂದು ತಿಳಿಯುವ ಮೊದಲೇ ಎದ್ದ ಪ್ರಶ್ನೆ ಒಂದೇ: 'ಮೊದಲಿನವಳ ಸರಿ ಇವಳಾದಾಳೆ?' ತಕ್ಕಡಿಯ ಒಂದು ಪರಡಿಯಲ್ಲಿ ವರ್ಷಗಳ ಪರಿಚಯ, ಇನ್ನೊಂದರಲ್ಲಿ ಮೊದಲ ದಿನದ ಅರ್ಧ ತಾಸು. ಇಂಥ ತೂಕದಲ್ಲಿ ಯಾವ ಹೊಸಬಳು ಗೆದ್ದಾಳು?

ಎರಡನೆಯ ಸಂಗತಿಯು ಇನ್ನೂ ದೊಡ್ಡದು. ಅದೇ ವಾಹಿನಿಯಲ್ಲಿ 2019ರ ಸಪ್ಟಂಬರದಲ್ಲಿ ಆರಂಭವಾದ 'ಜೊತೆ ಜೊತೆಯಲಿ' ಎಂಬದು ಮರಾಠಿಯ 'ತುಲಾ ಪಾಹತೇ ರೇ' ಧಾರಾವಾಹಿಯನ್ನು ಅನುಸರಿಸಿದ್ದು. ನಡುವಯಸ್ಸಿನ ಶ್ರೀಮಂತ ಉದ್ಯಮಿ ಆರ್ಯವರ್ಧನ, ಸಾಮಾನ್ಯ ಮನೆತನದ ಎಳೆಯ ಹುಡುಗಿ ಅನು. ಆ ಅನುವೇ ಅವನ ತೀರಿಹೋದ ಮೊದಲ ಹೆಂಡತಿ ರಾಜನಂದಿನಿಯ ಮರುಜನ್ಮ. ಆರ್ಯವರ್ಧನನಾಗಿ ಅನಿರುದ್ಧರೂ ಅನುವಾಗಿ ಮೇಘಾ ಶೆಟ್ಟಿಯವರೂ ನಟಿಸಿದರು. ಸೊಲ್ಲಾಪುರದ ನೆರೆಯಲ್ಲಿರುವ ನಮ್ಮ ಇಂಡಿಯ ಕಡೆಯ ಕೆಲವು ಮನೆಗಳಲ್ಲಿ ಮರಾಠಿಯದನ್ನು ಮೊದಲೇ ನೋಡಿದವರಿದ್ದರು. ಅವರು ಕೂಡ ಕನ್ನಡದ್ದನ್ನು ಬಿಡದೆ ನೋಡಿದರು. 2022ರ ಅಗಸ್ಟದಲ್ಲಿ ನಾಯಕನಟನಿಗೂ ನಿರ್ಮಾಣದವರಿಗೂ ಮನಸ್ತಾಪವಾಗಿ ನಟನು ಹೊರಗಾದನು. ಆ ಜಗಳದಲ್ಲಿ ಸರಿ ಯಾರದು, ತಪ್ಪು ಯಾರದು ಎಂಬ ನ್ಯಾಯವು ನಮ್ಮದಲ್ಲ. ನಮಗೆ ಬೇಕಾದದ್ದು ಮುಂದಿನ ಮಾತು. ಕಥೆಯನ್ನು ಮುಂದುವರಿಸುವ ಸಲುವಾಗಿ ಅಪಘಾತವನ್ನೂ ಬದಲಾದ ಮುಖವನ್ನೂ ಕಲ್ಪಿಸಿ, ಹರೀಶ್ ರಾಜ್ ಎಂಬ ನುರಿತ ನಟರನ್ನು ಹೊಸ ಪಾತ್ರದಲ್ಲಿ ತಂದರು. ಹಳೆಯ ನಟನೇ ಮರಳಿ ಬರಬೇಕೆಂದು ಅಭಿಮಾನಿಗಳು ಹಟ ಹಿಡಿದರು. ಬೇಡವೆನ್ನುವದು ಅವರ ಇಚ್ಛೆ. ಆದರೆ ಬಂದ ನಟನು ಮಾಡಿದ ಅಪರಾಧವೇನು? ಕರೆದರು, ಬಂದನು, ಕೊಟ್ಟ ಕೆಲಸ ಮಾಡಿದನು. ಜಗಳವಾಡಿದವರು ಬೇರೆ, ಬೈಗಳು ಬಿದ್ದದ್ದು ಮೂರನೆಯವನಿಗೆ. 2023ರ ಮೇ ತಿಂಗಳಲ್ಲಿ ಆ ಧಾರಾವಾಹಿಯು ಮುಗಿಯುವ ವರೆಗೂ ಆ ಹೋಲಿಕೆಯ ಹೊರೆಯನ್ನು ಹೊತ್ತೇ ಅವರು ನಡೆಯಬೇಕಾಯಿತು.

ಹೊಸ ಮುಖವನ್ನು ನಮ್ಮ ಜನ ಎಂದೂ ಒಪ್ಪರೆಂದು ಇದರಿಂದ ತಿಳಿಯಬಾರದು. 2012ರಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ'ಯಲ್ಲಿ ಬಾಲೆಯು ಬೆಳೆದು ತರುಣಿಯಾದಾಗ ಮುಖವು ಬದಲಾಯಿತು. ರಂಜನಿ ರಾಘವನ್ ಅವರು ಗೌರಿಯಾದರು. ಅವರನ್ನು ನಮ್ಮ ಮನೆಗಳು ಮಗಳೆಂದೇ ತಿಳಿದುಕೊಂಡವು. ಇದರ ಕಾರಣವು ಸರಳವಾದದ್ದು. ಬಾಲೆ ಬೆಳೆಯುವದು ಲೋಕದ ನಿಯಮ. ಬದಲಾವಣೆಗೆ ಕಥೆಯೊಳಗೇ ಕಾರಣವಿತ್ತು. ಅಂದಮೇಲೆ ಪ್ರೇಕ್ಷಕನಿಗೆ ಹೊಸದನ್ನು ಒಪ್ಪುವ ಶಕ್ತಿಯು ಇಲ್ಲವೆಂದಲ್ಲ. ಆ ಶಕ್ತಿಯನ್ನು ಬಳಸುವ ತಾಳ್ಮೆಯು ಇಲ್ಲ.

'ಮೂಲದಲ್ಲಿ ಇಲ್ಲದ್ದನ್ನು ತರಬಾರದು, ಇದ್ದವರನ್ನು ಬದಲಿಸಬಾರದು' ಎಂಬ ಹಟವನ್ನು ಸಂಪ್ರದಾಯದ ಹೆಸರಿನಲ್ಲಿ ಎತ್ತಿಹಿಡಿಯುವವರು ಕೆಲವರಿದ್ದಾರೆ. ಅವರು ನಮ್ಮ ಸಂಪ್ರದಾಯವನ್ನೇ ಸರಿಯಾಗಿ ನೋಡಿಲ್ಲ. ಕನ್ನಡದ ದೊಡ್ಡ ಕವಿಗಳಲ್ಲಿ ಹಲವರು ದೊಡ್ಡವರಾದದ್ದು ಹೊಸ ಪಾತ್ರಗಳನ್ನು ತಂದುದರಿಂದಲೇ. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ನೋಡಿರಿ. ಮಾರ್ಕಂಡೇಯ ಪುರಾಣದ ಹರಿಶ್ಚಂದ್ರನ ಕಥೆಯಲ್ಲಿ ಕಾಣದ ಇಬ್ಬರು ಹಾಡುವ ಹೆಣ್ಣುಗಳು ಇಲ್ಲಿ ಬರುತ್ತಾರೆ. ವಿಶ್ವಾಮಿತ್ರನ ಸಿಟ್ಟೇ ಹೆಣ್ಣಾಗಿ ನಿಂತ ಮಾಯೆ ಅದು; ಇಂದಿನವರ ಮಾತಿನಲ್ಲಿ ಹೇಳುವದಾದರೆ ಅಲೌಕಿಕ ಪಾತ್ರಗಳು. ಅರಸನನ್ನು ಹಾಡಿನಿಂದ ಮೆಚ್ಚಿಸಿ, ಮೊದಲು ಬೆಳ್ಗೊಡೆಯನ್ನು ಬೇಡಿ, ಬಳಿಕ ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಅರಸನು ಕುಲದ ಮಾತೆತ್ತಿದಾಗ, ತಮ್ಮ ಹಾಡನ್ನು ಕೇಳಿದ ಕಿವಿಗೂ ತಮ್ಮ ರೂಪವನ್ನು ನೋಡಿದ ಕಣ್ಣಿಗೂ ತಗಲದ ಮೈಲಿಗೆಯು ಮುಟ್ಟಿದೊಡನೆ ಮಾತ್ರ ಹ್ಯಾಗೆ ತಗಲುವದೆಂದು ವಾದಿಸುತ್ತಾರೆ. ಇಡೀ ಕಾವ್ಯದಲ್ಲಿ ಸತ್ಯಸಂಧನಾದ ಅರಸನು ತಕ್ಕ ಉತ್ತರವಿಲ್ಲದೆ ನಿಲ್ಲುವ ಸ್ಥಳವು ಇದೊಂದೇ ಎಂದು ನನಗೆ ತೋರುತ್ತದೆ. ಮೂಲದಲ್ಲಿ ಇಲ್ಲವೆಂದು ಆ ಹೆಣ್ಣುಗಳನ್ನು ಅಂದಿನ ಓದುಗರು ಹೊರಗೆ ಹಾಕಿದ್ದರೆ ಕನ್ನಡಕ್ಕೆ ಆ ಪ್ರಶ್ನೆಯೇ ಸಿಕ್ಕುತ್ತಿರಲಿಲ್ಲ.

ಇನ್ನೊಂದು ಉದಾಹರಣೆಯು ನಮಗೆ ಇನ್ನೂ ಹತ್ತಿರದ್ದು. ಅಲ್ಲಮಪ್ರಭುವಿನ ಕಥೆಯನ್ನು ಹರಿಹರನು ಹೇಳಿದಾಗ ಅವನ ಪ್ರಿಯೆಯು ಕಮಲತೆ. ಅವಳು ತೀರಿಕೊಂಡ ದುಃಖದಲ್ಲಿ ಅಲ್ಲಮನು ಅಲೆದು ಅನಿಮಿಷನನ್ನು ಕಾಣುತ್ತಾನೆ. ಹದಿನೈದನೆಯ ಶತಮಾನದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದಾಗ ಕಮಲತೆಯು ಇಲ್ಲ. ಅವಳ ಸ್ಥಾನದಲ್ಲಿ ಬನವಸೆಯ ಅರಸುಮಗಳಾಗಿ ಹುಟ್ಟಿದ ಮಾಯೆಯು ಬರುತ್ತಾಳೆ. ಪಾರ್ವತಿಯ ತಾಮಸಾಂಶವೇ ಹರೆಯದ ಹುಡುಗಿಯಾಗಿ ಅಲ್ಲಮನನ್ನು ಸೋಲಿಸಲು ಬಂದದ್ದು. ಹರಿಹರನ ಓದುಗರಿಗೆ ಕಮಲತೆಯ ಮೇಲೆ ಮಮತೆ ಇರಲಿಲ್ಲವೆ? ಇದ್ದೇ ಇರಬೇಕು. 'ನಮ್ಮ ಕಮಲತೆಯನ್ನು ಮರಳಿ ಕೊಡು, ಈ ಮಾಯೆ ಯಾರು?' ಎಂದು ಅವರು ಹಟ ಹಿಡಿದು ಚಾಮರಸನ ಓಲೆಯ ಕಟ್ಟನ್ನು ಮುಚ್ಚಿಟ್ಟಿದ್ದರೆ, ಮುಂದೆ ತಮಿಳು, ತೆಲುಗು, ಮರಾಠಿಗಳಿಗೂ ಹೋದ ಆ ಕಾವ್ಯವು ನಮಗೇ ಉಳಿಯುತ್ತಿರಲಿಲ್ಲ. ಈ ಮಾತಿನಲ್ಲಿ ನಾನು ಇಂದಿನ ಧಾರಾವಾಹಿಯನ್ನು ಚಾಮರಸನ ಪಕ್ಕಕ್ಕೆ ಕೂಡ್ರಿಸುತ್ತಿಲ್ಲ. ಕವಿಗೆ ಕವಿಯ ಸ್ಥಾನ, ಕೂಲಿಗೆ ಬರೆಯುವವನಿಗೆ ಅವನ ಸ್ಥಾನ. ಆದರೆ ಹೊಸ ಪಾತ್ರವನ್ನು ಹೊಸದೆಂಬ ಕಾರಣಕ್ಕೆ ಹಳಿಯುವ ನ್ಯಾಯವು ಒಮ್ಮೆ ನಿಂತರೆ, ಅದು ಇಬ್ಬರನ್ನೂ ಒಂದೇ ಕತ್ತಿಯಿಂದ ಕಡಿಯುವದು.

ಓದುವ ಕಾವ್ಯದ ಮಾತು ಬೇಡ, ಆಡುವ ಆಟದ ಮಾತು ಹೇಳಿರೆಂದರೆ, ನಮ್ಮ ಸೀಮೆಯ ಶ್ರೀಕೃಷ್ಣಪಾರಿಜಾತವಿದೆ. ಅಪರಾಳ ತಮ್ಮಣ್ಣನಿಂದ ಹುಟ್ಟಿ ಕುಲಗೋಡ ತಮ್ಮಣ್ಣನಿಂದ ಊರೂರಿಗೆ ಹಬ್ಬಿದ ಆಟವದು. ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ನಾರದ ಇವರು ಪುರಾಣದವರು. ಕೃಷ್ಣನನ್ನು ಬಾಯಿತುಂಬ ಜರಿಯುವ ಗೊಲ್ಲತಿ, ಕಣಿ ಹೇಳುವ ಕೊರವಂಜಿ ಇವರು ನಮ್ಮ ಊರ ಬಯಲಿನವರು. ಬೆಳತನಕ ಕೂತು ಆಟ ನೋಡುವ ಒಕ್ಕಲಿಗನು ಕಾಯುತ್ತಿದ್ದದ್ದು ಈ ಹೊರಗಿನಿಂದ ಬಂದವರ ಮಾತಿಗಾಗಿಯೇ. ಅಕ್ಷರ ಬಾರದ ಅಜ್ಜನು ತೋರಿಸಿದ ಈ ಔದಾರ್ಯವನ್ನು ಪದವಿ ಪಡೆದ ಮೊಮ್ಮಗನು ತೋರಿಸಲಾರನೆಂದರೆ ನಾಚಿಕೆಯ ಮಾತಲ್ಲವೆ?

ಹಾಗೆಂದು ಹಿಂದಿನವರೆಲ್ಲರೂ ಉದಾರಿಗಳೆಂದು ಹೇಳಿದರೆ ಸುಳ್ಳಾದೀತು. ಹೊಸಬರ ಮೇಲಿನ ಹಗೆಯಿಂದ ಆದ ಅನ್ಯಾಯದ ಕಥೆಯೂ ನಮ್ಮ ನೆಲದಲ್ಲಿಯೇ ಇದೆ. ಆಗಿನ ವಿಜಾಪುರ ಜಿಲ್ಲೆಯ, ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ, ಗೋಹರಬಾಯಿ ಎಂಬ ಅಕ್ಕತಂಗಿಯರು 'ಕರ್ನಾಟಕಿ' ಎಂಬ ಹೆಸರಿನಿಂದಲೇ ಹೊರನಾಡಿನಲ್ಲಿ ಪ್ರಸಿದ್ಧರಾದರು. ಅಮೀರಬಾಯಿಯು 1943ರ 'ಕಿಸ್ಮತ್' ಮೊದಲಾದ ಹಿಂದೀ ಚಿತ್ರಗಳ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಳು. ಗೋಹರಬಾಯಿಯು 1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ನಾಟಕಮಂಡಳಿಯನ್ನು ಸೇರಿದಳು. ಬಾಲಗಂಧರ್ವರೆಂದರೆ ನಾರಾಯಣ ಶ್ರೀಪಾದ ರಾಜಹಂಸ, 1888ರಲ್ಲಿ ಹುಟ್ಟಿದವರು. ಸ್ತ್ರೀಪಾತ್ರಗಳಲ್ಲಿ ಅವರು ಗಳಿಸಿದ ಕೀರ್ತಿಯು ಮರಾಠಿ ರಂಗಭೂಮಿಯಲ್ಲಿ ಇನ್ನೊಬ್ಬರಿಗೆ ದೊರೆಯಲಿಲ್ಲ. ಐವತ್ತರ ಹತ್ತಿರ ಬಂದಿದ್ದ ಅವರು ಆಡುತ್ತಿದ್ದ ನಾಯಿಕೆಯ ಪಾತ್ರಗಳಿಗೆ ನಿಜವಾದ ಹೆಣ್ಣೊಬ್ಬಳು ಬಂದಳು. ಅದರಲ್ಲಿಯೂ ಕನ್ನಡ ಸೀಮೆಯವಳು, ಮುಸಲ್ಮಾನಳು. ಅಭಿಮಾನಿಗಳಿಗೆ ಇದು ಸಹನವಾಗಲಿಲ್ಲ. ಮಂಡಳಿಯ ಇಳಿಗಾಲಕ್ಕೆಲ್ಲ ಇವಳೇ ಮೂಲವೆಂಬ ಅಪವಾದವು ಹುಟ್ಟಿತು.

ನಿಜವೇನು? 1913ರಲ್ಲಿ ಹುಟ್ಟಿದ ಆ ಮಂಡಳಿಯು ವೈಭವದ ವೆಚ್ಚಗಳಿಂದ ಸಾಲದಲ್ಲಿ ಮುಳುಗಿದ್ದು ಅವಳು ಬರುವದಕ್ಕೆ ಬಹಳ ಮೊದಲು. 1931ರಲ್ಲಿ 'ಆಲಂ ಆರಾ' ಬಂದಿತು. 1932ರಲ್ಲಿ ಮರಾಠಿಯಲ್ಲಿ 'ಅಯೋಧ್ಯೇಚಾ ರಾಜಾ' ಬಂದಿತು. ಮಾತಾಡುವ ಚಿತ್ರಗಳ ಹೊಡೆತಕ್ಕೆ ನಾಟಕಮಂಡಳಿಗಳು ಒಂದೊಂದಾಗಿ ತತ್ತರಿಸಿದವು. ಸಾಲ ಮಾಡಿದವರನ್ನು ಯಾರೂ ಬೈಯಲಿಲ್ಲ. ಕಾಲವನ್ನು ಬೈದು ಪ್ರಯೋಜನವಿಲ್ಲ. ಕೈಗೆ ಸಿಕ್ಕವಳು ಹೊಸದಾಗಿ ಬಂದವಳು. ಕುಸಿಯುತ್ತಿದ್ದ ಮನೆಗೆ ಕಂಬವಾಗಲು ಬಂದವಳನ್ನೇ ಮನೆಮುರುಕಿ ಎಂದು ಕರೆದರು. ಅವಳು 1964ರಲ್ಲಿ ತೀರಿಕೊಂಡಳು, ಬಾಲಗಂಧರ್ವರು 1967ರಲ್ಲಿ. ಕೊನೆಯ ವರೆಗೂ ಅವರ ಜೊತೆಗಿದ್ದವಳಿಗೆ ಅಭಿಮಾನಿಗಳ ಕ್ಷಮೆಯು ಸಿಕ್ಕಲಿಲ್ಲ. ನಮ್ಮ ಜಿಲ್ಲೆಯ ಮಗಳೊಬ್ಬಳು ಹೊಸ ಪಾತ್ರವಾಗಿ ಹೋಗಿ ಉಂಡ ನೋವಿದು. ಈ ನೋವನ್ನು ತಿಳಿದ ನಾವು ಪರರ ಮಗಳಿಗೆ ಅದನ್ನೇ ಉಣಿಸಬಹುದೆ?

ಈ ದೋಷವು ನಮ್ಮೊಬ್ಬರದೇ ಅಲ್ಲ. 1893ರಲ್ಲಿ ಇಂಗ್ಲಿಷ್ ಕಥೆಗಾರ ಕೋನನ್ ಡಾಯ್ಲನು ತನ್ನ ಪತ್ತೇದಾರ ಷೆರ್ಲಾಕ್ ಹೋಮ್ಸನನ್ನು ಕೊಂದು ಮುಗಿಸಿದನು. ಕೊಲ್ಲುವ ಸಲುವಾಗಿಯೇ ಆ ಕಥೆಯಲ್ಲಿ ಮೊರಿಯಾರ್ಟಿ ಎಂಬ ಹೊಸ ಖಳನನ್ನು ಸೃಷ್ಟಿಸಿದನು. ಓದುಗರು ರೊಚ್ಚಿಗೆದ್ದು 'ಸ್ಟ್ರ್ಯಾಂಡ್' ಮಾಸಿಕದ ವರ್ಗಣಿಯನ್ನು ನಿಲ್ಲಿಸಿದರು. 1903ರಲ್ಲಿ ಡಾಯ್ಲನು ಸೋತು ಹೋಮ್ಸನನ್ನು ಬದುಕಿಸಿ ತಂದನು. ಆದರೆ ಅಂದು ಎಲ್ಲರ ಶಾಪಕ್ಕೆ ಗುರಿಯಾದ ಆ ಮೊರಿಯಾರ್ಟಿಯೇ ಇಂದು ಪತ್ತೇದಾರಿ ಸಾಹಿತ್ಯದ ಖಳರಲ್ಲಿ ಅಗ್ರಗಣ್ಯನು. ಅಮೇರಿಕದಲ್ಲಿ 1997ರಿಂದ 2003ರ ವರೆಗೆ ನಡೆದ 'ಬಫಿ' ಎಂಬ ಧಾರಾವಾಹಿಯು ರಕ್ತಪಿಶಾಚಿಗಳನ್ನು ಸಂಹರಿಸುವ ಹರೆಯದ ಹುಡುಗಿಯ ಕಥೆ. ನಾಲ್ಕು ವರ್ಷ ಒಬ್ಬಳೇ ಮಗಳಾಗಿದ್ದ ನಾಯಿಕೆಗೆ 2000ದಲ್ಲಿ ಡಾನ್ ಎಂಬ ತಂಗಿಯು ಇದ್ದಕ್ಕಿದ್ದಂತೆ ಕಾಣಿಸಿಕೊಂಡಳು. ಮನೆಯವರೆಲ್ಲರೂ ಅವಳು ಮೊದಲಿನಿಂದ ಇದ್ದಂತೆಯೇ ನಡೆದರು. ಇದೇನು ಹುಚ್ಚೆಂದು ಪ್ರೇಕ್ಷಕರು ರೇಗಿದರು. ಕೆಲವು ವಾರಗಳ ಬಳಿಕ ಗುಟ್ಟು ಹೊರಬಿದ್ದಿತು: ಒಂದು ದಿವ್ಯಶಕ್ತಿಯನ್ನು ಅಡಗಿಸಿಡುವ ಸಲುವಾಗಿ ಸಂನ್ಯಾಸಿಗಳು ಅದನ್ನು ಹುಡುಗಿಯ ರೂಪಕ್ಕೆ ತಂದು, ಎಲ್ಲರ ನೆನಪಿನಲ್ಲಿಯೂ ಅವಳನ್ನು ನೆಟ್ಟಿದ್ದರು. ಆ ಹುಡುಗಿಗೆ ಕೂಡ ಇದು ತಿಳಿದಿರಲಿಲ್ಲ. ತಿಳಿದ ದಿನ 'ಹಾಗಾದರೆ ನಾನು ಯಾರು?' ಎಂಬ ಪ್ರಶ್ನೆಯು ಅವಳ ಮುಂದೆ ನಿಂತಿತು. ಮೊದಲ ವಾರದಲ್ಲಿ ರೇಗಿದವರು ನಾಲ್ಕು ವಾರ ತಡೆದಿದ್ದರೆ ತಮ್ಮ ಸಿಟ್ಟನ್ನು ಉಳಿಸಿಕೊಳ್ಳಬಹುದಾಗಿತ್ತು.

ಇಲ್ಲಿ ಎದುರು ಪಕ್ಷದವರ ಮಾತನ್ನು ಕೇಳಬೇಕು. ಅವರನ್ನುವದೇನಂದರೆ: 'ನಾವು ದಿನದಿನವೂ ನಮ್ಮ ಹೊತ್ತನ್ನು ಕೊಟ್ಟಿದ್ದೇವೆ. ಈ ಪಾತ್ರಗಳು ನಮ್ಮ ಮನೆಯವರಂತಾಗಿವೆ. ಹಣದಾಸೆಗೆ ಕಥೆಯನ್ನು ಎಳೆಯುವವರು ಯಾರನ್ನೋ ತಂದು ತುರುಕಿದರೆ ನಾವು ಬಾಯಿ ಮುಚ್ಚಿ ಕೂಡಬೇಕೆ?' ಈ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಧಾರಾವಾಹಿಗಳಲ್ಲಿ ಹೊಸ ಪಾತ್ರಗಳು ಬರುವ ರೀತಿಯು ಬಹುಮಟ್ಟಿಗೆ ಅಸಡ್ಡೆಯದು. 2015ರಿಂದ ಬಾರ್ಕ್ ಎಂಬ ಸಂಸ್ಥೆಯು ವಾರವಾರವೂ ಪ್ರೇಕ್ಷಕರ ಲೆಕ್ಕವನ್ನು ಒದಗಿಸುತ್ತದೆ, ಟಿ.ಆರ್.ಪಿ. ಎಂದು ಜನ ಕರೆಯುವ ಆ ಅಂಕಿಯು ಇಳಿದರೆ ಜಾಹೀರಾತಿನ ದುಡ್ಡೂ ಇಳಿಯುತ್ತದೆ. ಆದಕಾರಣ ಅಂಕಿಯು ಇಳಿದ ವಾರ ಒಬ್ಬಳು ಹೊಸಬಳು ಬರುತ್ತಾಳೆ. ಮತ್ತೆ ಇಳಿದರೆ ಅವಳನ್ನು ಬಿಟ್ಟುಬಿಡುತ್ತಾರೆ. ಆಮೇಲೆ ದೆವ್ವ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಮಂತ್ರವಾದಿ ಬರುತ್ತಾನೆ. ಇದು ಕಥೆ ಹೇಳುವ ಕ್ರಮವಲ್ಲ. ಸಂತೆಯಲ್ಲಿ ಗಿರಾಕಿ ಕರೆಯುವ ಕ್ರಮ.

ಅಲೌಕಿಕ ಕಥೆಯಲ್ಲಿ ಏನು ಬೇಕಾದರೂ ಆಗಬಹುದೆಂದು ಈ ಬರೆಯುವವರು ತಿಳಿದಂತಿದೆ. ಇದು ದೊಡ್ಡ ತಪ್ಪು. ಅದ್ಭುತಕ್ಕೆ ಲೋಕದ ನಿಯಮವಿಲ್ಲದಿದ್ದರೂ ಅದರದೇ ಆದೊಂದು ನಿಯಮವಿರಬೇಕು. ಚಾಮರಸನ ಮಾಯೆಯು ಎಲ್ಲಿಂದ ಬಂದಳು, ಏತಕ್ಕೆ ಬಂದಳು, ಅವಳ ಶಕ್ತಿ ಯಾವ ಮಿತಿಯದು ಎಂಬದು ನಮಗೆ ಮೊದಲೇ ತಿಳಿದಿದೆ. ಆದುದರಿಂದಲೇ ಅವಳ ಸೋಲಿಗೆ ಅರ್ಥವಿದೆ. ಇಂದು ಸತ್ತವಳು ನಾಳೆ ಕಾರಣವಿಲ್ಲದೆ ಎದ್ದು ಬಂದರೆ ಸಾವಿಗೂ ಬೆಲೆಯಿಲ್ಲ, ಬದುಕಿಗೂ ಬೆಲೆಯಿಲ್ಲ. ಅಪಘಾತ, ಬದಲಾದ ಮುಖ, ಕಳೆದುಹೋದ ನೆನಪು ಇವು ಕಥೆಯ ಒಳಗಿನ ಅವಶ್ಯಕತೆಯಿಂದ ಬರದೆ ಹೊರಗಿನ ಅಡಚಣಿಯಿಂದ ಬಂದಾಗ ಪ್ರೇಕ್ಷಕನು ಅದನ್ನು ಕೂಡಲೆ ಗುರುತಿಸುತ್ತಾನೆ. ಅವನ ಅಸಮಾಧಾನವು ನ್ಯಾಯವಾದದ್ದೇ. ಇಷ್ಟನ್ನು ಒಪ್ಪಿದ ಮೇಲೆ ನಾನು ಕೇಳುವದಿಷ್ಟು: ನ್ಯಾಯವಾದ ಅಸಮಾಧಾನವು ನ್ಯಾಯವಾದ ಸ್ಥಳಕ್ಕೆ ಏಕೆ ಹೋಗಬಾರದು? ಕಥೆಯನ್ನು ಕೆಡಿಸಿದವರು ಬರೆದವರು, ಬರೆಯಿಸಿದವರು, ಅಂಕಿಯ ಬೆನ್ನುಹತ್ತಿದವರು. ಇವರ ಹೆಸರುಗಳು ನಮ್ಮಲ್ಲಿ ನೂರಕ್ಕೆ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರುವದು ಮುಖ, ಆ ಮುಖಕ್ಕೇ ಉಗುಳುತ್ತೇವೆ. ಅಡಿಗೆ ಕೆಟ್ಟರೆ ಬಡಿಸಿದವಳನ್ನು ಹೊಡೆದಂತಾಯಿತು ಇದು.

ಮತ್ತೊಂದು ಮಾತು. ಬೈಯುತ್ತ ನೋಡುವವನು ಕೂಡ ಲೆಕ್ಕದಲ್ಲಿ ನೋಡುವವನೇ. ಹೊಸ ಪಾತ್ರವನ್ನು ಶಪಿಸುವ ಸಲುವಾಗಿ ಊರೆಲ್ಲ ಟೀವಿಯ ಮುಂದೆ ಕೂಡುವದಾದರೆ, ಶಾಪ ತರುವ ಪಾತ್ರಗಳನ್ನೇ ಅವರು ಮತ್ತೆ ಮತ್ತೆ ತರುವರು. ನಮ್ಮ ಹಗೆಯು ಅವರ ಬಂಡವಾಳವಾಗಿದೆ. ಕಥೆಯು ಹಿಡಿಸದಿದ್ದರೆ ಗುಂಡಿಯನ್ನು ಒತ್ತಿ ಆರಿಸುವದೇ ಬಲವಾದ ವಿಮರ್ಶೆ. ಅದನ್ನು ಮಾಡುವ ಧೈರ್ಯವು ನಮಗಿಲ್ಲ. ಎಳೆಯ ನಟಿಯನ್ನು ಬೈಯುವ ಧೈರ್ಯವು ಮಾತ್ರ ಬೇಕಾದಷ್ಟಿದೆ.

ಈಗ ಮೊದಲು ಹೇಳಿದ ಮನೆಗೆ ಮರಳಿ ಬರುತ್ತೇನೆ. ಏಕೆಂದರೆ ಈ ಪ್ರಶ್ನೆಯು ಟೀವಿಯದಷ್ಟೇ ಆಗಿದ್ದರೆ ಒಂದು ಸಾಹಿತ್ಯದ ಮಾಸಿಕದ ಪುಟಗಳನ್ನು ಇದಕ್ಕಾಗಿ ನಾನು ಬೇಡುತ್ತಿರಲಿಲ್ಲ. ಧಾರಾವಾಹಿಗಳಲ್ಲಿ ಹೊಸದಾಗಿ ಬರುವ ಪಾತ್ರವು ಹೆಚ್ಚಾಗಿ ಹೆಣ್ಣು. ಅವ್ವ-ಮಕ್ಕಳನ್ನೂ ಗಂಡ-ಹೆಂಡಿರನ್ನೂ ಅಗಲಿಸುವದೇ ಅವಳ ಕೆಲಸ. ಹೊಸ ಹೆಣ್ಣು ಬಂದಳೆಂದರೆ ಮನೆ ಮುರಿಯಿತು: ಈ ಪಾಠವನ್ನು ನಾವು ದಿನವೂ ಸಂಜೆ ಮಕ್ಕಳ ಜೊತೆಗೆ ಕೂತು ಕಲಿಯುತ್ತೇವೆ, ಬೈಗಳಿಂದ ಅದಕ್ಕೆ ಮೊಹರು ಒತ್ತುತ್ತೇವೆ. ಆದರೆ ನಮ್ಮ ನಿಜವಾದ ಮನೆಗಳಲ್ಲಿ ಹೊಸ ಪಾತ್ರವು ಯಾರು? ತವರನ್ನು ಬಿಟ್ಟು, ಹುಟ್ಟಿದೂರನ್ನು ಬಿಟ್ಟು, ಗುರುತಿಲ್ಲದವರ ನಡುವೆ ಬಂದು ನಿಂತ ಸೊಸೆಯೇ ಅಲ್ಲವೆ? ಅವಳನ್ನು ಕೂಡ ನಾವು ಮೊದಲ ದಿನವೇ ಅಳೆಯುತ್ತೇವೆ. ಅವಳನ್ನು ಕೂಡ ಹಿಂದಿನವರ ಜೊತೆಗೆ ಹೋಲಿಸುತ್ತೇವೆ. ಮನೆಯಲ್ಲಿ ಏನು ಕೆಟ್ಟರೂ 'ಇವಳ ಕಾಲ್ಗುಣ' ಎನ್ನುವ ಬಾಯಿಗಳು ಇನ್ನೂ ಮುಚ್ಚಿಲ್ಲ. ಎರಡನೆಯ ಸಂಬಂಧಕ್ಕೆ ಬಂದವಳ ಪಾಡನ್ನಂತೂ ಕೇಳುವದೇ ಬೇಡ. 'ಮೊದಲಿನವಳ ಸರಿ ಇವಳಾದಾಳೆ?' ಎಂಬ ಮಾತನ್ನು ಅವಳು ಸಾಯುವ ವರೆಗೆ ಕೇಳುತ್ತಾಳೆ. ಪರದೆಯ ಮೇಲಿನ ಮಾತೂ ಪಡಸಾಲೆಯ ಮಾತೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವದನ್ನು ವಾಚಕರು ಗಮನಿಸಬೇಕು. ಪರದೆಯ ಕಡೆಗೆ ಮುಖ ಮಾಡಿ ಆಡಿದ ಮಾತು ಬಾಗಿಲ ಬದಿಗೆ ನಿಂತವಳಿಗೆ ಕೇಳಿಸುವದಿಲ್ಲವೆಂದು ತಿಳಿಯುವದು ಕುರುಡುತನ.

ಇಂಡಿಯ ಮಗ್ಗುಲಿನ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಕೂಡಿ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಆ ಹಾಡುಗಳಲ್ಲಿ ತವರಿನ ಹಂಬಲವಿದೆ, ಅಣ್ಣತಮ್ಮಂದಿರ ನೆನಪಿದೆ, ಅತ್ತೆಮನೆಯ ಬಿರುಸಿದೆ, ಆ ಬಿರುಸಿನೊಳಗೂ ಮನೆಯನ್ನು ತನ್ನದಾಗಿ ಮಾಡಿಕೊಳ್ಳುವ ಛಲವಿದೆ. ಒಂದು ಮಾತಿನಲ್ಲಿ ಹೇಳುವದಾದರೆ, ಹೊಸ ಪಾತ್ರವು ತನ್ನ ಬಾಯಿಂದ ತಾನೇ ಹೇಳಿಕೊಂಡ ಕಥೆಯದು. ನಮ್ಮ ಸೀಮೆಯು ಕನ್ನಡಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೊಂದೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳಿ ಮನೆಗೆ ಬಂದು ಟೀವಿಯ ಮುಂದೆ ಕೂತು, ಬಾಯಿ ತೆರೆಯುವ ಮೊದಲೇ ಹೊಸಬಳನ್ನು ಹೊರಗೆ ಹಾಕೆನ್ನುತ್ತೇವೆ. ಗರತಿಯ ಹಾಡಿಗೆ ನಾವು ಸಲ್ಲಿಸುವ ಗೌರವವು ಇದೇ ಏನು?

ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬೆಳಗಿದ ಮಹಾಪುರುಷನು, ಬಂದವನು ಯಾರವನೆಂದು ಕೇಳುವದರಲ್ಲಿಯೇ ಅವನನ್ನು ಹೊರಗೆ ನಿಲ್ಲಿಸುವ ಪಾಪವಿದೆಯೆಂದು ನಮಗೆ ತಿಳಿಸಿಕೊಟ್ಟನು. ಅವನ ಮಹಾಮನೆಯು ದಿನವೂ ಹೊಸಬರು ಬರುವ ಮನೆಯಾಗಿತ್ತು. ಬಂದವರನ್ನು ಮೊದಲು ಒಳಗೆ ಕರೆದು ಬಳಿಕ ಅವರ ಮಾತನ್ನು ಪರೀಕ್ಷಿಸಿದರು. ಪರೀಕ್ಷೆಯನ್ನು ಯಾರಿಗೂ ಬಿಡಲಿಲ್ಲ. ನಾನು ಕೇಳುವ ಕ್ರಮವೂ ಇದೇ ಆಗಿದೆ. ವಿಮರ್ಶೆಯನ್ನು ಬಿಡಿರೆಂದು ನಾನು ಹೇಳುವದಿಲ್ಲ. ಅದನ್ನು ಕಲಿಯಿರೆಂದು ಹೇಳುತ್ತೇನೆ. ಹೊಸ ಪಾತ್ರವು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಇದು ಬರುವದಕ್ಕೆ ಕಥೆಯೊಳಗೆ ಕಾರಣವಿದೆಯೆ? ರಾಘವಾಂಕನ ಹೆಣ್ಣುಗಳಂತೆ ಇದು ಹಳಬರಿಗೆ ಹೊಸ ಪ್ರಶ್ನೆಯನ್ನು ಹಾಕುತ್ತದೆಯೆ? ಇದರ ಅದ್ಭುತಕ್ಕೆ ಒಂದು ನಿಯಮವಿದೆಯೆ? ಒಂದು ತಿಂಗಳು ನೋಡಿದ ಬಳಿಕ ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಬರೆದವರನ್ನು ಹೆಸರು ಹಿಡಿದು ಟೀಕಿಸಿರಿ, ಟೀವಿಯನ್ನು ಆರಿಸಿರಿ. ನಟಿಯನ್ನು ಮಾತ್ರ ಬಿಡಿರಿ; ಅವಳು ದುಡಿದು ಉಣ್ಣುವವಳು.

ಮತ್ತು ಆ ಒಂದು ತಿಂಗಳು ಮನೆಯವರೆಲ್ಲರ ಜೊತೆಗೆ ಹೊಸ ಸೊಸೆಯನ್ನೂ ಕರೆದು ಕೂಡ್ರಿಸಿಕೊಳ್ಳಿರಿ. ಚಹದ ತಾಟನ್ನು ಇನ್ನೊಬ್ಬರು ಹಿಡಿಯಲಿ. ಬಂದ ಹೊಸ ಪಾತ್ರದ ಬಗೆಗೆ ಅವಳ ಅಭಿಪ್ರಾಯವೇನೆಂದು ಮೊದಲು ಅವಳನ್ನು ಕೇಳಿರಿ. ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಬಲ್ಲವಳು ಅವಳು.